ಟೀ ಫ್ಯಾಕ್ಟರಿಯಲ್ಲಿ ಗೋಧಿಹುಲ್ಲು

ನೀಲಗಿರಿಯ ನಮ್ಮೂರು ಹುಬ್ಬತಲೈಯಲ್ಲಿ ಮಂಜು ನಮ್ಮ ಮನೆಯೊಳಗೂ ಬಂದು ಕೂರುತ್ತದೆ. ರಸ ಮಾಡಿ ಕುಡಿಯಲೆಂದು ಟ್ರೇಯಲ್ಲಿ ಗೋಧಿಹುಲ್ಲು ಬೆಳೆಸಹೊರಟರೆ ಪ್ರತಿ ಸಲವೂ ಬುಡಕ್ಕೆ ಬೂಷ್ಟು ಹಿಡಿಯುತ್ತಿತ್ತು. ಕಾಳು ತೆಳ್ಳಗೆ ಹರಡಿದೆ, ನೀರು ಕಡಿಮೆ ಮಾಡಿದೆ, ಆದರೂ ಬೂಷ್ಟು. ಅದಕ್ಕೆ ಬೇಕಾದದ್ದು ಗಾಳಿ ಎಂದು ಹೊಳೆದದ್ದು, ನಾನು ಕೆಲಸ ಮಾಡುವ ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ದೊಡ್ಡ ಫ್ಯಾನಿನ ಹತ್ತಿರ ನಿಂತಾಗ.

ಹೊರಗಿನ ಸಾಮಾನು ಅಲ್ಲಿಗೆ ತರಕೂಡದೆಂದು ಮ್ಯಾನೇಜರ್ ಸಾರ್ ಕಟ್ಟುನಿಟ್ಟು ಮಾಡಿದ್ದರು. ನಾನು ಕದ್ದುಮುಚ್ಚಿ ಟ್ರೇ ತಂದು ಫ್ಯಾನಿನ ಪಕ್ಕದ ಮೂಲೆಯಲ್ಲಿಟ್ಟೆ. ಬೂಷ್ಟಿನ ಸುಳಿವಿಲ್ಲದೆ ಹುಲ್ಲು ಹಸಿರಾಗಿ ಎದ್ದು ನಿಂತಾಗ ಕುಣಿಯುವಷ್ಟು ಖುಷಿಯಾಯಿತು!

ಅಷ್ಟರಲ್ಲಿ ಸಾರ್ ಕೊಯಮತ್ತೂರಿನ ಟೀ ವ್ಯಾಪಾರಿಯೊಬ್ಬರನ್ನು ಕರೆತಂದರು. ವ್ಯಾಪಾರಿ ನೇರ ನನ್ನ ಟ್ರೇಯತ್ತ ಬಗ್ಗಿ, ಒಂದೆಳೆ ಕಿತ್ತು ಜಗಿದರು.

"ಇದೇನು ಸಾರ್, ಹೊಸ ಟೀಯಾ?"

ಸಾರ್ ನನ್ನತ್ತ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ.

"ಟ್ರಯಲ್ ನಡೀತಿದೆ," ಎಂದರು ಸಾರ್, ಮುಖದಲ್ಲಿ ನಗುವೇ ಇಲ್ಲದೆ.

"ಪರಿಮಳ ಚೆನ್ನಾಗಿದೆ. ರೆಡಿಯಾದರೆ ಸ್ಯಾಂಪಲ್ ಕಳಿಸಿ."

ನಾನು ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದಂತೆ ಮಾಡಿದೆ. ವ್ಯಾಪಾರಿಯ ಕಾರು ಗೇಟು ದಾಟಿದ್ದೇ ತಡ, ಸಾರ್ ಗೋಡೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ನನ್ನ ಕಣ್ಣಲ್ಲೂ ನೀರು ಬಂತು.

"ಇವತ್ತೇ ಇದನ್ನ ಮನೆಗೆ ತಗೊಂಡು ಹೋಗಮ್ಮಾ. ಅಲ್ಲೇ ಒಂದು ಟೇಬಲ್ ಫ್ಯಾನು ಇಟ್ಕೋ," ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ಲೋಟ ರಸ ನನಗೂ ತಾ," ಎಂದರು.

ಮರುದಿನ ತಂದುಕೊಟ್ಟೆ. ಸಾರ್ ಒಂದೇ ಗುಟುಕು ಕುಡಿದು, ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಹೊಗಳಿ, ಕೂಡಲೇ ಸ್ಟ್ರಾಂಗಾಗಿ ಒಂದು ಟೀ ತರಿಸಿಕೊಂಡರು.