ಪಂತಾಲೆಯೊನೆಯ ಎಡಗಿವಿ

ನಮ್ಮ ಕಡಲಂಚಿನ ರಸ್ತೆಯಲ್ಲಿ ಗಾಡಿ ಓಡಿಸುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ವಿಯೆತ್ರಿಯಿಂದ ಪೊಸಿತಾನೊವರೆಗೂ ಬಂಡೆ ಕೊರೆದು ಮಾಡಿದ ದಾರಿ. ಒಂದು ಮಗ್ಗುಲಲ್ಲಿ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ. ತಿರುವಿನ ಆಚೆ ಏನಿದೆಯೆಂದು ದೇವರಿಗೂ ಕಾಣುವುದಿಲ್ಲ. ಹಾಗಾಗಿ ತಿರುವಿಗೆ ಮೊದಲು ಹಾರ್ನ್ ಒತ್ತಬೇಕು, ಮೂರು ಎಣಿಸುವಷ್ಟು ಹೊತ್ತು ಕಿವಿಗೊಡಬೇಕು. ಉದ್ದನೆಯ ಒಂದು ಕೂಗು ಬಂದರೆ ಎದುರಿಗೆ ಬಸ್ಸಿದೆ, ನಿಲ್ಲು ಎಂದರ್ಥ. ಗಿಡ್ಡನೆಯ ಎರಡು ಬಂದರೆ, ನಾನು ನಿಂತಿದ್ದೇನೆ, ನೀನು ಬಾ ಎಂದರ್ಥ. ಏನೂ ಕೇಳದಿದ್ದರೆ ದಾರಿ ಖಾಲಿ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ನಮ್ಮಪ್ಪಂದಿರ ಕಾಲದಿಂದ ನಡೆದು ಬಂದದ್ದು.

ಆ ದಾರಿಯಲ್ಲಿ ಮೂವತ್ತೊಂದು ವರ್ಷ ನಾನು ಬಸ್ಸು ಓಡಿಸಿದೆ. ಹಾರ್ನ್ ಕೇಳಿದರೆ ಸಾಕು, ಗಾಡಿ ಯಾರದು, ಅವನು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೋ ಇಲ್ಲವೋ ಅಂತಲೂ ಹೇಳುತ್ತಿದ್ದೆ. ಹಾಗಿದ್ದೂ ಪಂತಾಲೆಯೊನೆಯ ವಿಷಯ ನನಗೆ ತಿಳಿಯದೆ ಹೋಯಿತು.

ಪಂತಾಲೆಯೊನೆಯನ್ನು ನಾವು ಕರೆಯುತ್ತಿದ್ದುದು ಲೆಯೊ ಎಂದು; ಮಿನೋರಿಯ ಲೆಯೊ ಎಂದರೆ ಎಲ್ಲರಿಗೂ ಗೊತ್ತು. ಸಲೆರ್ನೊ ಸ್ಟೇಷನ್ನಿನಲ್ಲಿ ರೈಲಿಳಿದ ಸಿರಿವಂತರನ್ನು ತನ್ನ ಕಪ್ಪು ಕಾರಿಗೆ ಹತ್ತಿಸಿಕೊಂಡು ಅಮಾಲ್ಫಿ, ರವೆಲ್ಲೊ, ಪೊಸಿತಾನೊ, ಸೊರೆಂತೊ ಎಂದು ಮೂರು ದಿನ ಸುತ್ತಿಸುವುದು ಅವನ ಕಸುಬು. ಇಪ್ಪತ್ತಾರು ವರ್ಷ ಹಾಗೆ ಸುತ್ತಿಸಿದ್ದ. ರೇಷ್ಮೆ ವಸ್ತ್ರ ತಲೆಗೆ ಕಟ್ಟಿದ ಹೆಂಗಸರು ಹಿಂದಿನ ಸೀಟಿನಲ್ಲಿ ಕಿರುಚಿದಷ್ಟೂ ಅವನಿಗೆ ಹುರುಪು. ಎಡ ಮೊಣಕೈಯನ್ನು ಕಿಟಕಿಯ ಹೊರಗಿಟ್ಟು, ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ.

ಆ ವರ್ಷ ಫೆಬ್ರವರಿಯಲ್ಲಿ ಜ್ವರ ಬಂದು ಹತ್ತು ದಿನ ಮಲಗಿದ. ಎದ್ದಾಗ ಎಡಗಿವಿಯಲ್ಲಿ ಸದ್ದೇ ಇರಲಿಲ್ಲ. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಎದುರಿನವನ ಉತ್ತರ ಬರುವುದೂ ಎಡಗಡೆಯ ಕಿಟಕಿಯಿಂದಲೇ. ಬಲಗಿವಿಗೆ ಬೀಳುತ್ತಿದ್ದುದು ಎಂಜಿನ್ನಿನ ಗುರುಗುರು ಮತ್ತು ಸವಾರಿಯವರ ಹರಟೆ. ಹಾರ್ನ್ ಒತ್ತುತ್ತಾನೆ, ಮೂರು ಎಣಿಸುತ್ತಾನೆ, ಏನೂ ಕೇಳಿಸುವುದಿಲ್ಲ. ದಾರಿ ಖಾಲಿ ಇದೆಯೋ, ಕಿವಿಯೇ ಖಾಲಿಯೋ? ಪ್ರತಿ ತಿರುವಿನಲ್ಲೂ ಇದೇ ಪ್ರಶ್ನೆ. ಮನೆಯಿಂದ ಪೊಸಿತಾನೊಗೆ ಹೋಗಿಬರುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸಲ ಸತ್ತು ಹುಟ್ಟುತ್ತಿದ್ದೆ ಎಂದು ಆಮೇಲೊಮ್ಮೆ ನನ್ನೊಡನೆ ಹೇಳಿದ.

ಮಾರ್ಚಿನಲ್ಲಿ ಕೊಂಕಾ ಊರಿನ ತಿರುವಿನಲ್ಲಿ ನಾನು ಉದ್ದಕ್ಕೆ ಹಾರ್ನ್ ಕೊಟ್ಟೇ ಬಂದೆ. ಆದರೂ ಅವನ ಕಾರು ನುಗ್ಗಿತು. ಇಬ್ಬರೂ ಬ್ರೇಕಿನ ಮೇಲೆ ನಿಂತೆವು. ನಡುವೆ ಒಂದು ಗೇಣು ಉಳಿಯಿತು.

"ಲೋ ಲೆಯೊ! ಕಿವಿಗೇನು ಮೊಝರೆಲ್ಲಾ ಗಿಣ್ಣು ತುರುಕ್ಕೊಂಡಿದ್ಯೇನೋ?" ಎಂದು ಕೂಗಿದೆ. ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದವನು ಅಂದು ಕಾರನ್ನು ಹಿಂದಕ್ಕೆ ತೆಗೆದ. ಮುಖ ಸುಣ್ಣದ ಗೋಡೆಯಾಗಿತ್ತು. ನಾನು ಅದನ್ನು ಕಂಡೂ ಕಾಣದವನ ಹಾಗೆ ಮುಂದೆ ಹೋದೆ.

ಮನೆಯಲ್ಲಿ ಅವನ ಹೆಂಡತಿ ತ್ರೊಫಿಮೆನಾಳ ಕಣ್ಣು ತಪ್ಪಿಸುವುದು ಸುಲಭವಲ್ಲ. ಕರೆದಾಗಲೆಲ್ಲ ಗಂಡ ಬಲಗೆನ್ನೆ ತಿರುಗಿಸುತ್ತಿದ್ದ. ತಟ್ಟೆಯ ಮೀನನ್ನು ಕೆದಕಿ ಕೆದಕಿ ಹಾಗೇ ಬಿಡುತ್ತಿದ್ದ.

"ನಿಜ ಹೇಳಿ, ಯಾವಳಾದ್ರೂ ಗಂಟು ಬಿದ್ದಿದ್ದಾಳಾ?"

"ಅಷ್ಟೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು ಕಣೇ ಮೆನಾ," ಎಂದು ಅವನು ಅತ್ತುಬಿಟ್ಟ.

ಎಲ್ಲ ಕೇಳಿದ ಮೇಲೆ ಅವಳು, "ಬಿಟ್ಬಿಡಿ ಹಾಗಾದ್ರೆ," ಎಂದಳು.

"ಬಿಟ್ಟು ಏನ್ಮಾಡ್ಲಿ? ಸ್ಟೇರಿಂಗ್ ಇಲ್ದೆ ಈ ಊರಲ್ಲಿ ನಾನು ಯಾರು ಹೇಳು?"

"ಹಾಗಿದ್ರೆ ನಾನೂ ಬರ್ತೀನಿ. ನಿಮ್ಮ ಕಿವಿ ನಾನು."

ಮೆನಾ ಪಕ್ಕದ ಅತ್ರಾನಿಗೆ ಹೋಗುವುದರೊಳಗೆ ಎರಡು ಸಲ ವಾಂತಿ ಮಾಡಿಕೊಳ್ಳುವ ಹೆಂಗಸು. ಅಂಥವಳು ಸೆರಗಿನಂಥ ಕರಿ ಶಾಲು ಹೊದ್ದು, ಹುಳಿ ನಿಂಬೆಹಣ್ಣೊಂದನ್ನು ಮೂಗಿಗೆ ಹಿಡಿದು, ಮುಂದಿನ ಸೀಟಿನಲ್ಲಿ ಕೂರತೊಡಗಿದಳು. ಬಸ್ಸಿನ ಹಾರ್ನ್ ಕೇಳಿದರೆ ಗಂಡನ ತೊಡೆಯನ್ನು ಒಂದು ಸಲ ಒತ್ತುವಳು. ಎದುರಿನವನು ಬಾ ಎಂದರೆ ಎರಡು ಸಲ. ದಾರಿ ಖಾಲಿ ಇದ್ದರೆ ಕೈಯನ್ನು ಎತ್ತಿಬಿಡುವಳು. ಸವಾರಿಯವರಿಗೆ, ಪೊಸಿತಾನೊದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳೆ ಎಂಬ ಸುಳ್ಳು. ನಮ್ಮ ಡ್ರೈವರುಗಳಿಗೆ ನಗುವೋ ನಗು. "ಲೆಯೊಗೆ ಕಾವಲು ಬಿದ್ದಿದೆ ಮಾರಾಯ್ರೇ! ಯಾವ ಸಿರಿವಂತ ಸಿನ್ಯೋರಾಳ ಪೌಡರ್ ಡಬ್ಬಿ ಸೀಟಲ್ಲಿ ಸಿಕ್ತೋ ಏನೋ!" ನಾನೂ ನಕ್ಕವನೇ.

ಮೂರು ತಿಂಗಳು ಹೀಗೆ ನಡೆಯಿತು. ಅವಳ ಅಂಗೈ ಸದಾ ಒದ್ದೆ. ಅವನ ಪ್ಯಾಂಟಿನ ತೊಡೆಯ ಜಾಗದಲ್ಲಿ ಅವಳ ಕೈಬೆವರಿನ ಕಲೆ.

ಜೂನಿನಲ್ಲಿ ತೊರಿನೊದ ನಿವೃತ್ತ ನ್ಯಾಯಾಧೀಶರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಎರಡನೆಯ ದಿನ ಬೆಳಿಗ್ಗೆ ಅಮಾಲ್ಫಿ ಬಿಟ್ಟು ಪೊಸಿತಾನೊ ಕಡೆ ಹೊರಟರು. ಆ ಹೆಂಗಸಿನ ಮಡಿಲಲ್ಲಿ ಟ್ರಾನ್ಸಿಸ್ಟರ್. ಕೊಂಕಾ ದಾಟುತ್ತಿದ್ದಂತೆ ಅವಳಿಗೆ ಬೇಕಾದ ಹಾಡು ಬಂತು, ಅದರ ಕಿವಿ ಹಿಡಿದು ತಿರುಪಿ ದನಿ ಏರಿಸಿದಳು. ಕಾರಿನ ತುಂಬ ತುತ್ತೂರಿ.

"ಅಮ್ಮಾ, ಒಂಚೂರು ಕಮ್ಮಿ ಮಾಡ್ತೀರಾ? ತಲೆನೋವು," ಎಂದಳು ಮೆನಾ.

"ಕಡಲ ಗಾಳಿಗೆ ಮುಖ ಒಡ್ಡಮ್ಮ, ಹೋಗುತ್ತೆ," ಎಂದು ಆಕೆ ತಾನೂ ಹಾಡಿಗೆ ದನಿಗೂಡಿಸಿದಳು.

ತಿರುವು ಬಂತು. ಲೆಯೊ ಹಾರ್ನ್ ಒತ್ತಿದ. ಒಂದು, ಎರಡು, ಮೂರು. ತೊಡೆಯ ಮೇಲೆ ಒತ್ತು ಬೀಳಲಿಲ್ಲ, ಕೈ ಮೇಲೆದ್ದೂ ಹೋಗಲಿಲ್ಲ. ಅದು ತೊಡೆಗೂ ತಾಗದೆ ನಡುಗಾಳಿಯಲ್ಲೇ ನಿಂತಿತ್ತು. ಅವನು ಹೆಂಡತಿಯ ಮುಖ ನೋಡಿದ. ತುಟಿ ಬಿಳಿಚಿಕೊಂಡಿತ್ತು. ಅವಳಿಗೂ ಗೊತ್ತಿರಲಿಲ್ಲ.

ಅವನು ಎಂಜಿನ್ ಆರಿಸಿ, ಕೈಬ್ರೇಕು ಎಳೆದು, ಇಳಿದ. ಹಿಂದೆ ನಿಂಬೆಹಣ್ಣಿನ ಲಾರಿ, ಅದರ ಹಿಂದೆ ಸ್ಕೂಟರುಗಳು, ಎಲ್ಲವೂ ಒಟ್ಟಿಗೆ ಬಾರಿಸತೊಡಗಿದವು. "ಏಯ್ ಕರಿಕಾರು! ಮದುವೆ ದಿಬ್ಬಣಾನಾ? ನಡೀಯೋ!" ಅವನು ಬಂಡೆಗೆ ಅಂಟಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ತಿರುವಿನೊಳಕ್ಕೆ ಕಾಲ್ನಡಿಗೆಯಲ್ಲಿ ಹೋದ.

ಆಚೆಯಿಂದ ಬರುತ್ತಿದ್ದವನು ನಾನು. ಉದ್ದಕ್ಕೆ ಹಾರ್ನ್ ಕೊಟ್ಟಿದ್ದೆ. ಬಸ್ಸಿನ ಮೂತಿ ತಿರುಗಿಸುತ್ತೇನೆ, ರಸ್ತೆಯ ನಡುವೆ ಮನುಷ್ಯ, ಎರಡೂ ಕೈ ಮೇಲೆತ್ತಿಕೊಂಡು! ಬ್ರೇಕು ಅದುಮಿದೆ. ನಿಂತಿದ್ದವರು ಕೂತವರ ಮೇಲೆ ಬಿದ್ದರು. ಬಸ್ಸು ನಿಂತಾಗ ಅವನ ಅಂಗೈ ಬಸ್ಸಿನ ಹಣೆಗೆ ತಾಗಿತ್ತು.

"ಸಾಯೋಕ್ ಬೇರೆ ಜಾಗ ಸಿಗ್ಲಿಲ್ವೇನೋ ನಿಂಗೆ?"

ಅವನು ನನ್ನ ಕಿಟಕಿಯ ಬಳಿ ಬಂದು, ಬಲಗೆನ್ನೆ ತಿರುಗಿಸಿ ನಿಂತ. "ಕೋಸ್ತಾ, ನಂಗೆ ಎಡಗಿವಿ ಕೇಳಲ್ಲ. ಫೆಬ್ರವರಿಯಿಂದ. ಇನ್ನು ನನ್ ಕೈಲಾಗಲ್ಲಪ್ಪ." ಕಿವಿ ಮಂದವಾದವರ ಹಾಗೆ ಗಟ್ಟಿಯಾಗಿ ಹೇಳಿದ. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಈ ಸಲ ಯಾರೂ ನಗಲಿಲ್ಲ.

ಫೆಬ್ರವರಿಯಿಂದ ಈಚೆಗೆ ನಾವಿಬ್ಬರೂ ಎಷ್ಟು ತಿರುವುಗಳಲ್ಲಿ ಎದುರುಬದುರಾಗಿದ್ದೆವು! ಹಿಂದಿನ ಭಾನುವಾರ ನನ್ನ ಬಸ್ಸಿನಲ್ಲಿ ಇಗರ್ಜಿಯಲ್ಲಿ ಪ್ರಥಮ ಪರಮಪ್ರಸಾದ ತೆಗೆದುಕೊಂಡು ಬಂದ ಮಕ್ಕಳಿದ್ದರು, ಬಿಳಿ ಬಟ್ಟೆಯಲ್ಲಿ. ಅದು ನೆನಪಾದದ್ದೇ ಕೈಬ್ರೇಕನ್ನು ಕೊನೆಯವರೆಗೆ ಎಳೆದು ಎಂಜಿನ್ ಆರಿಸಿದೆ.

ಅವನು ಕಾರಿನ ಕೀಲಿಯನ್ನು ನನ್ನ ಕೈಗೆ ಹಾಕಿದ. ನಾನು ಇಳಿದು ಹೋಗಿ ಅವನ ಕಾರನ್ನು ಬಂಡೆಯ ಕೆಳಗಿನ ಅಗಲ ಜಾಗಕ್ಕೆ ಸರಿಸಿದೆ. ನ್ಯಾಯಾಧೀಶರು, "ಇದೇನಿದು? ನಮ್ಮ ಡ್ರೈವರ್ ಎಲ್ಲಿ?" ಎಂದು ಗದರಿದರು.

"ಅವರು ಬರಲ್ಲ ಸ್ವಾಮಿ. ನೀವು ಜೀವಂತ ಇದ್ದೀರಿ, ಇಳೀರಿ," ಎಂದಳು ಮೆನಾ. ಟ್ರಾನ್ಸಿಸ್ಟರ್ ಆಗ ಬಾಯಿ ಮುಚ್ಚಿತು. ಅವರಿಬ್ಬರೂ ಮುಂದಿನ ಬಸ್ಸಿಗೆ ಪೊಸಿತಾನೊಗೆ ಹೋದರು.

ಸೋಮವಾರ ಲೆಯೊ ಸಲೆರ್ನೊಗೆ ಹೋಗಿ ಲೈಸೆನ್ಸನ್ನು ಮೇಜಿನ ಮೇಲಿಟ್ಟು ಬಂದ. ಕಾರು ಮಾರಿದ. ಮಾವನ ಕಡೆಯ ನಿಂಬೆ ತೋಟದ ಪಾವಟಿಗೆಗಳನ್ನು ಹತ್ತಿ ಅಲ್ಲೇ ದುಡಿಮೆಗೆ ನಿಂತವನು ನಾಲ್ಕು ತಿಂಗಳು ರಸ್ತೆಗಿಳಿಯಲೇ ಇಲ್ಲ. ಇಳಿದದ್ದು ಅಕ್ಟೋಬರಿನಲ್ಲಿ, ಹಲ್ಲು ಕೀಳಿಸಲು ಅಮಾಲ್ಫಿಗೆ ಹೊರಟಾಗ. ಮೆನಾಳ ಜೊತೆ ನನ್ನ ಬಸ್ಸು ಹತ್ತಿ, ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತ. ಕಂಬಿಯನ್ನು ಎರಡು ಕೈಯಲ್ಲೂ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡ.

"ಕಣ್ಬಿಟ್ಟು ಕಡಲು ನೋಡ್ರಿ," ಎಂದಳು ಮೆನಾ. "ದೊಡ್ಡೋರೆಲ್ಲ ಇದನ್ನ ನೋಡೋಕೇ ಅಷ್ಟು ದೂರದಿಂದ ಬರ್ತಾರೆ."

"ನೀನೇ ನೋಡು ಮಾರಾಯ್ತಿ. ಊರು ಬಂದಾಗ ಹೇಳು."

ನಾನು ಹಾರ್ನ್ ಒತ್ತಿ, ಎಂದಿಗಿಂತ ಹೆಚ್ಚು ಹೊತ್ತು ಕಿವಿಗೊಟ್ಟೆ. ಆರರವರೆಗೆ ಎಣಿಸಿದೆ.