ಗಿಡದ ಮಾಸ್ತರರ ಹನ್ನೊಂದು ಆಲ

ಹೋದ ವಾರ ಪುಣೆಯ ಬಿಬವೇವಾಡಿಯ ಪೇಟೆಯಲ್ಲಿ ಆಲದ ಟೊಂಗೆಗಳ ರಾಶಿ ಬಿದ್ದಿತ್ತು. ಮರುದಿನ ವಟಪೌರ್ಣಿಮೆ. ಗಂಡನ ಆಯುಷ್ಯಕ್ಕಾಗಿ ಆಲಕ್ಕೆ ದಾರ ಸುತ್ತುವ ಹಬ್ಬ. ಮರದ ತನಕ ಹೋಗಲು ಪುರುಸೊತ್ತಿಲ್ಲದವರು ಟೊಂಗೆ ಕೊಂಡು ಮನೆಯಲ್ಲೇ ಪೂಜೆ ಮುಗಿಸುತ್ತೇವೆ. ಒಂದನ್ನು ಎತ್ತಿಕೊಂಡೆ. ಕತ್ತರಿಸಿದ ತುದಿಯಿಂದ ಹಾಲು ಇನ್ನೂ ಜಿನುಗುತ್ತಿತ್ತು. ಬೆರಳಿಗೆ ಅಂಟಿದ ಆ ಹಸಿ, ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಗಿಡದ ಮಾಸ್ತರರು ಕಣ್ಣ ಮುಂದೆ ಬಂದು ನಿಂತರು. ಟೊಂಗೆಯನ್ನು ಅಲ್ಲೇ ಇಟ್ಟು ಹೊರಟೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಿದ್ದ ನಾನು ಅಡಿಗೆಮನೆ ಮತ್ತು ಅತ್ತೆಯವರ ನಡುವೆ ದಿನ ನೂಕುತ್ತಿದ್ದೆ. ಆಗ ಊರ ಹೊರಗಿನ ಒಂದು ಕಾರ್ಖಾನೆಯವರು ನಮ್ಮ ಬಡಾವಣೆಯ ಹಿಂದಿನ ಬೋಳುಗುಡ್ಡವನ್ನು ಹಸಿರು ಮಾಡಲು ಹೊರಟರು. ಜೊತೆಗೆ ಸುತ್ತಲಿನ ಹೆಂಗಸರಿಗೆ ಸಸಿ ಬೆಳೆಸುವ ಕೆಲಸ ಕಲಿಸುವ ಯೋಜನೆಯೂ ಇತ್ತು. ಬೆಳೆಸಿದ ಸಸಿ ಗುಡ್ಡಕ್ಕೆ, ಕಲಿತ ವಿದ್ಯೆ ನಮಗೆ. ನಾವು ಹನ್ನೊಂದು ಜನ ಸೇರಿದೆವು. ಮನೆಯಿಂದ ಹೊರಬೀಳಲು ನನಗೊಂದು ನೆಪ ಬೇಕಾಗಿತ್ತು, ಅಷ್ಟೇ.

ಕಲಿಸಲು ಬಂದ ಗಿಡದ ಮಾಸ್ತರರು ಅದೇ ಕಾರ್ಖಾನೆಯ ತೋಟದಲ್ಲಿ ಆಯುಷ್ಯವೆಲ್ಲ ಮಾಲಿಯಾಗಿ ದುಡಿದು ನಿವೃತ್ತರಾದವರು. ಮೂಲತಃ ಗೋಕಾಕ ಕಡೆಯವರು. ಪಾಠವೆಲ್ಲ ಮರಾಠಿಯಲ್ಲಿ. ಒಮ್ಮೆ ನನ್ನ ಬಾಯಿಂದ ಅಚಾನಕ್ಕಾಗಿ ‘ಹೌದ್ರಿ’ ಎಂದು ಬಂದದ್ದನ್ನು ಕೇಳಿ ನಕ್ಕುಬಿಟ್ಟರು. ಅಂದಿನಿಂದ ನಾನು ಅವರಿಗೆ ‘ತಂಗಿ’ ಆದೆ. ಪಾಠದ ಹೊತ್ತಿನಲ್ಲಿ ಮಾತ್ರ ಆ ತಂಗಿತನ ನಡೆಯುತ್ತಿರಲಿಲ್ಲ. ಚೀಲಕ್ಕೆ ಮಣ್ಣು ಸಡಿಲವಾಗಿ ತುಂಬಿದರೆ ಎಲ್ಲರ ಎದುರೇ ಸುರಿದುಬಿಡುತ್ತಿದ್ದರು.

ಬೇಗ ಬೆಳೆಯುವ, ಫೋಟೋದಲ್ಲಿ ಹಸಿರು ಕಾಣುವ ಯಾವುದಾದರೂ ಗಿಡ ನೆಟ್ಟರೆ ಸಾಕು ಎಂಬುದು ಕಾರ್ಖಾನೆಯ ಸಾಹೇಬರ ಅಭಿಪ್ರಾಯ. ಮಾಸ್ತರರು ಹಟ ಹಿಡಿದು ಗುಡ್ಡದ ದಾರಿಯುದ್ದಕ್ಕೂ ಹನ್ನೊಂದು ಆಲ ನೆಡಿಸಿದರು. ತಲೆಗೊಂದು ಗಿಡ ಹಂಚಿದರು. ‘ಇದು ನಿನ್ನದ. ಬದುಕಿದ್ರೂ ನಿನ್ನದ, ಸತ್ರೂ ನಿನ್ನದ’ ಅಂದರು. ಆ ಇಡೀ ಬೇಸಿಗೆ ಕೊಡ ಹೊತ್ತು ಗುಡ್ಡ ಹತ್ತಿದೆವು. ನನ್ನ ಗಿಡ ಎದೆಮಟ್ಟ ಬಂದಾಗ ಆದ ಸಂತೋಷ... ಸತ್ಯ ಹೇಳಬೇಕೆಂದರೆ, ನನ್ನ ಮಗ ಮೊದಲ ಹೆಜ್ಜೆ ಇಟ್ಟಾಗಲೂ ಅಷ್ಟು ಹಿಗ್ಗಿರಲಿಲ್ಲ.

ಜೂನ್ ತಿಂಗಳಲ್ಲಿ ಸಾಹೇಬರು ಬಂದು ನೋಡುವವರಿದ್ದರು. ಗುಡ್ಡದ ಕೆಲಸವಾಗಲಿ ನಮ್ಮ ತರಗತಿಯಾಗಲಿ ಮುಂದುವರಿಯಬೇಕೋ ಬೇಡವೋ ಎಂಬುದು ಆ ಭೇಟಿಯಲ್ಲೇ ತೀರ್ಮಾನವಾಗಬೇಕಿತ್ತು. ಅವರ ಭೇಟಿ ನಿಗದಿಯಾದದ್ದು ವಟಪೌರ್ಣಿಮೆಯ ಮರುದಿನಕ್ಕೆ.

ಹಬ್ಬಕ್ಕೆ ಎರಡು ದಿನ ಮೊದಲು, ತರಗತಿಯ ಹೆಂಗಸರೆಲ್ಲ ಊಟಕ್ಕೆ ಕೂತಾಗ ನಾನೇ ಬಾಯಿ ಬಿಟ್ಟೆ. ಪೇಟೆಯ ಟೊಂಗೆ ಬಾಡಿರುತ್ತದೆ, ಅತ್ತೆಯವರು ಮೂಗು ಮುರಿಯುತ್ತಾರೆ. ಈ ಸಲ ನನ್ನ ಗಿಡದ್ದೇ ಒಂದು ಕುಡಿ ಒಯ್ಯುತ್ತೇನೆ ಎಂದು ಜಂಬದಿಂದ ಹೇಳಿದೆ. ನಾನೇ ನೀರು ಹಾಕಿ ಬೆಳೆಸಿದ ಗಿಡ, ಅದಕ್ಕಿಂತ ಹೆಚ್ಚಿನ ಪುಣ್ಯ ಯಾವುದು? ಮರುದಿನ ಸಂಜೆ ನೀರು ಹಾಕಿ ಎಲ್ಲರಿಗಿಂತ ಮೊದಲು ಇಳಿಯುವಾಗ, ಮಾಸ್ತರರು ಕಲಿಸಿದಂತೆಯೇ ಓರೆಯಾಗಿ, ನೀಟಾಗಿ, ತುದಿಯನ್ನು ಕತ್ತರಿಸಿದೆ. ಒಂದೇ ಗಿಡ, ಒಂದೇ ಕುಡಿ, ಯಾರಿಗೆ ತಿಳಿದೀತು ಅಂದುಕೊಂಡೆ. ಹಬ್ಬದ ದಿನ ತರಗತಿಗೆ ರಜೆ. ಗುಡ್ಡಕ್ಕೆ ಯಾರೂ ಹೋಗಲಿಲ್ಲ.

ಅದರ ಮರುದಿನ ಸಾಹೇಬರ ಹಿಂದೆ ನಾವೆಲ್ಲ ಗುಡ್ಡ ಹತ್ತಿದೆವು. ಮೊದಲ ಗಿಡಕ್ಕೆ ತಲೆಯಿಲ್ಲ. ಎರಡನೆಯದಕ್ಕೂ ಇಲ್ಲ. ದಾರಿಯುದ್ದಕ್ಕೂ ಹನ್ನೊಂದು ಮೋಟು ಕೋಲುಗಳು ನಿಂತಿದ್ದವು. ನನ್ನ ಮಾತು ಕೇಳಿದ ಎಲ್ಲರೂ ಆ ಸಂಜೆಯೇ ತಂತಮ್ಮ ಗಿಡದ ಒಂದೊಂದೇ ಕುಡಿ ಒಯ್ದಿದ್ದರು. ಯಾರೊಬ್ಬರೂ ತಲೆ ಎತ್ತಲಿಲ್ಲ.

ಇದು ಯಾರ ಕೆಲಸ ಎಂದು ಸಾಹೇಬರು ಕೇಳಿದರು. ಮಾಸ್ತರರು ಒಂದು ಗಿಡದ ಮುಂದೆ ಕೂತು ಕತ್ತರಿಸಿದ ಜಾಗವನ್ನು ಬೆರಳಿನಿಂದ ಸವರಿದರು. ಬಳಿಕ ನಮ್ಮ ಹನ್ನೊಂದು ಮುಖಗಳನ್ನೂ ಒಮ್ಮೆ ನೋಡಿದರು. ‘ಮೀಚ್ ಛಾಟಲೀ, ಸಾಹೇಬ’ ಅಂದರು. ತಾವೇ ಕತ್ತರಿಸಿದ್ದು ಎಂದು! ಮಳೆಗೆ ಮೊದಲು ಹೀಗೆ ತುದಿ ಕತ್ತರಿಸಿದರೆ ಗಿಡ ಅಗಲವಾಗಿ ಬರುತ್ತದೆ ಎಂದು ಏನೇನೋ ವಿವರಿಸಿದರು. ಸಾಹೇಬರು ಫೋಟೋ ತೆಗೆಯದೆ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟುಕೊಂಡರು.

ತರಗತಿ ಉಳಿಯಿತು, ಗುಡ್ಡವೂ ಉಳಿಯಿತು. ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಮಾಸ್ತರರಿಗೆ ಮಾತ್ರ ಕಾಗದ ಬಂತು. ಅವರ ಜಾಗಕ್ಕೆ ಕಲಿತವರಲ್ಲೇ ಒಬ್ಬರನ್ನು ಹಾಕೋಣ ಎಂದು ಕಾರ್ಖಾನೆಯವರು ನನ್ನನ್ನು ಕೇಳಿದರು. ನಾನು ಒಪ್ಪಿಕೊಂಡೆ. ಅತ್ತೆಯವರು ಓಣಿಗೆಲ್ಲ ಪೇಡೆ ಹಂಚಿದರು. ನಾನು ಆ ಪೇಡೆ ಮುಟ್ಟಲಿಲ್ಲ, ಆದರೂ ಕೆಲಸ ಬಿಡಲಿಲ್ಲ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಧೈರ್ಯ ಮಾಡಿ ಮಾಸ್ತರರ ಮನೆಗೆ ಹೋದೆ. ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ. ತಾವೇ ಚಹಾ ಕಾಸಿ ತಂದರು.

‘ಆಲ ಚಿಗತಾವೇನು?’

‘ಹೌದ್ರಿ ಮಾಸ್ತರ. ಮೂರ್ಮೂರು ಟೊಂಗಿ ಬಂದಾವ.’

‘ಬರ್ತಾವ. ಆಲ ಹಂಗ ಸಾಯೂದಿಲ್ಲ.’

ಗಿರಣಿಯ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ‘ಮಾಸ್ತರ, ಆವತ್ತು...’ ಎಂದು ಶುರು ಮಾಡಿದೆ.

‘ಗೊತ್ತದ ತಂಗಿ. ಯಾವ ಗಿಡ ಯಾರದಂತ ನನಗ ಗೊತ್ತಿರಂಗಿಲ್ಲೇನು? ನಿಮ್ಮ ಹೆಸರು ಹೇಳಿದ್ರ ಕ್ಲಾಸ ಮುಚ್ಚತಿದ್ರು. ನಂದೇನು, ಪೆನ್ಶನ್ ಅದ. ಚಹಾ ಕುಡಿ, ಆರಿಹೋಗತದ.’

ನಾನು ಕುಡಿದೆ. ನನಗೆ ಸಿಕ್ಕ ಕೆಲಸದ ಸುದ್ದಿಯನ್ನು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ...

ಕೆಲವು ವರ್ಷಗಳ ನಂತರ ಅವರು ಮಗಳ ಊರು ಬಾರಾಮತಿಗೆ ಹೋದರು. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಹದಿಮೂರನೆಯ ದಿನವೂ ಆಗಿಹೋಗಿತ್ತು. ಹನ್ನೊಂದರಲ್ಲಿ ಏಳು ಆಲ ಉಳಿದಿವೆ. ಬೆಳಿಗ್ಗೆ ವಾಕಿಂಗ್ ಬರುವವರು ಅವುಗಳ ನೆರಳಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕಾರ್ಖಾನೆಯ ಹೆಸರಿನ ಫಲಕವಿದೆ. ನನ್ನ ಗಂಡನೂ ದಿನಾ ಅಲ್ಲಿ ಕೂತು ಹರಟುತ್ತಾರೆ, ಗಟ್ಟಿಮುಟ್ಟಾಗಿದ್ದಾರೆ. ಯಾರ ಪುಣ್ಯದಿಂದ ಎಂದು ನಾನು ಬಾಯಿ ಬಿಟ್ಟಿಲ್ಲ.

ಹೋದ ವಾರ ಪೇಟೆಯಿಂದ ಬರುವಾಗ ಸುತ್ತು ಹಾಕಿ ಆ ಗಿರಣಿಯ ರಸ್ತೆಗೆ ಹೋದೆ. ಕಟ್ಟಡ ಕೆಡವಿ ತಗಡಿನ ಬೇಲಿ ಹಾಕಿದ್ದಾರೆ. ಎದುರಿನ ಫುಟ್‌ಪಾತಿನ ಮೇಲೆ ನಿಂತು, ‘ತಪ್ಪಾತ್ರಿ ಮಾಸ್ತರ’ ಅಂದೆ. ಎರಡು ಗುಟುಕಿನ ನಡುವೆ ಹೇಳಿ ಮುಗಿಸಬಹುದಾಗಿದ್ದ ಮಾತು. ಆವತ್ತು ಮಾತ್ರ ‘ಚಹಾ ಭಾಳ ಛಲೋ ಆಗಿತ್ರಿ’ ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಬಂದಿದ್ದೆ.