ದೊಡ್ಡಮಾವನ ವೀಳ್ಯ ಮತ್ತು ನಲವತ್ತು ದಿನದ ಇಂಗ್ಲಿಷು

ಆ ಕಾಲದಲ್ಲಿ ಬೇಸಿಗೆ ರಜೆಯೆಂದರೆ ನಿಜವಾಗಿಯೂ ರಜೆ. ಪುಸ್ತಕಗಳನ್ನು ಅಟ್ಟಕ್ಕೆ ಎಸೆದರೆ ಮತ್ತೆ ಇಳಿಸುತ್ತಿದ್ದುದು ಮಳೆ ಹಿಡಿದ ಮೇಲೆ. ಗೇರುಗುಡ್ಡೆ ನಮ್ಮದು, ಕಾಟುಮಾವಿನ ಮರದ ಬುಡ ನಮ್ಮದು, ಗೇರುಹಣ್ಣಿನ ರಸ ಬಿದ್ದು ಕಲೆಯಾದ ಲಂಗಕ್ಕೆ ಸಿಗುವ ಬೈಗುಳವೂ ನಮ್ಮದೇ. ನಿಮಗೂ ಅಂಥ ರಜೆಗಳು ನೆನಪಿರಬಹುದು. ನನಗೆ ಮಾತ್ರ, ಐವತ್ತರ ದಶಕದ ಕೊನೆಯ ಆ ಒಂದು ಬೇಸಿಗೆ ನೆನಪಾದರೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮದು ತೋಡಾರಿನ ಬಂಟರ ಮನೆ, ಅಳಿಯಸಂತಾನದ ಕಟ್ಟು. ಮನೆ ಅಮ್ಮನ ಕಡೆಯದು, ಯಜಮಾನರು ಅಮ್ಮನ ಅಣ್ಣ, ನಮ್ಮ ದೊಡ್ಡಮಾವ. ಅಪ್ಪ ಬೆಳ್ತಂಗಡಿಯ ಕಡೆ ತಮ್ಮ ತಾಯಿಮನೆಯ ಬೇಸಾಯ ನೋಡಿಕೊಂಡು ಅಲ್ಲೇ ಇದ್ದರು. ತಿಂಗಳಿಗೆ ಎರಡು ಸಲ ಬರುವರು. ಬಂದವರಿಗೆ ಬೆಲ್ಲ ನೀರು ಕೊಟ್ಟು ಜಗಲಿಯ ಬೆಂಚಿನ ಮೇಲೆ ಕೂರಿಸುವುದು, ಮರುದಿನ ಹೊರಡುವಾಗ ಅವರು "ಬರ್ತೇನೆ ಮಗಾ" ಎಂದು ನನ್ನ ತಲೆ ಮುಟ್ಟುವುದು, ಅಷ್ಟೇ. ಅದರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಅನ್ನಿಸಿರಲಿಲ್ಲ. ನಮ್ಮ ಬಟ್ಟೆ, ಜ್ವರ, ಶಾಲೆ ಎಲ್ಲವೂ ದೊಡ್ಡಮಾವನದೇ. ಸಂಜೆ ಅವರಿಗೆ ವೀಳ್ಯ ಮಡಚಿ ಕೊಡುವ ಕೆಲಸ ನನ್ನದು. ತೊಟ್ಟು ಮುರಿದು, ನಾರು ತೆಗೆದು, ಉಗುರಿನ ತುದಿಯಷ್ಟು ಸುಣ್ಣ ಸವರಬೇಕು. ಬೇರೆ ಯಾರಾದರೂ ಮಡಚಿದರೆ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತಿತ್ತು ಅವರಿಗೆ. "ಇದು ಅವಳ ಕೈಯದ್ದಲ್ಲ" ಎನ್ನುತ್ತಿದ್ದರು.

ಎಂಟನೆಯ ತರಗತಿ ಮುಗಿಯಿತು. ಹೈಸ್ಕೂಲಿಗೆ ಸೇರಬೇಕಾದರೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಡಬೇಕಿತ್ತು. ನಮ್ಮ ಶಾಲೆಯ ಇಂಗ್ಲಿಷು ಹೆಸರಿಗಷ್ಟೆ. ಒಂದು ದಿನ ದೊಡ್ಡಮಾವ ನನ್ನನ್ನು ಕರೆದರು.

"ಮೂಡಬಿದ್ರೆಯಲ್ಲಿ ಒಬ್ಬರು ಮಾಸ್ಟ್ರು ರಜೆಯಲ್ಲಿ ಇಂಗ್ಲಿಷ್ ಹೇಳಿಕೊಡ್ತಾರಂತೆ. ನಲವತ್ತು ದಿನ. ಕೊನೆಯ ದಿನ ನಾನೇ ಬಂದು ಕೇಳ್ತೇನೆ. ತಡವರಿಸದೆ ಹೇಳಿದ್ರೆ ಹೈಸ್ಕೂಲು. ಇಲ್ಲದಿದ್ರೆ ಮನೆಯಲ್ಲಿ ಬೇಕಾದಷ್ಟು ಕೆಲಸ ಉಂಟು."

"ಅಣ್ಣನಿಗೆ ಇಂಗ್ಲಿಷ್ ಕೇಳಿ ಏನು ತಿಳೀತದೆ?" ಎಂದು ಅಮ್ಮ ಒಳಗಿನಿಂದ ನಕ್ಕರು.

"ತಡವರಿಸ್ತಾಳಾ ಇಲ್ವಾ ಅಂತ ತಿಳಿಯಲಿಕ್ಕೆ ಭಾಷೆ ಯಾಕೆ?"

ಪಾಠ ನಡೆಯುತ್ತಿದ್ದುದು ಮೂಡಬಿದ್ರೆಯ ಒಂದು ಜೈನರ ಮನೆಯ ಜಗಲಿಯಲ್ಲಿ. ಹದಿನಾರು ಮಕ್ಕಳು. ಹುಡುಗಿಯರೆಂದರೆ ನಾನು ಮತ್ತು ಆ ಮನೆಯ ಮೊಮ್ಮಗಳು ವಿಮಲಾ. ಮಾಸ್ತರರು ಘಟ್ಟದ ಮೇಲಿನವರು, ನಿವೃತ್ತರು. ಅವರು "ಹೇಳ್ತೀನಿ, ಬರೀತೀನಿ" ಎಂದಾಗಲೆಲ್ಲ ನಮಗೆ ನಗು. ಅವರ ಕಾನೂನು ಒಂದೇ: ಜಗಲಿ ಹತ್ತಿದ ಮೇಲೆ ತುಳು ಇಲ್ಲ, ಕನ್ನಡವೂ ಇಲ್ಲ. ನೀರು ಬೇಕಾದರೂ ಇಂಗ್ಲಿಷಿನಲ್ಲೇ ಕೇಳಬೇಕು. ಮೊದಲ ವಾರ ನಾವೆಲ್ಲ ಬಾಯಾರಿಯೇ ಕೂತೆವು. ಒಳಗಿನಿಂದ ಮಜ್ಜಿಗೆಗೆ ಕಿವುಚಿದ ನಿಂಬೆ ಎಲೆಯ ವಾಸನೆ, ಹೊರಗಿನಿಂದ ಕುಟ್ಟಿದೊಣ್ಣೆ ಆಡುವ ಮಕ್ಕಳ ಕೂಗು. ಬೆವರು, ಸೆಕೆ, ಗಾಳಿಯಾಡದ ಮೂಲೆ. ನನ್ನ ಕಾಲು ತನ್ನಷ್ಟಕ್ಕೇ ಅಲುಗುತ್ತಿತ್ತು. ಸ್ಲೇಟು ಬೀಳಿಸಿದೆ, ಮಸಿಕುಡಿಕೆ ಚೆಲ್ಲಿದೆ, ಹೊರಗೆ ಯಾವ ಬಸ್ಸು ಹಾರ್ನ್ ಹೊಡೆದರೂ ಕತ್ತು ಹೊರಳಿಸಿದೆ.

"ಮೊದಲು ನಿನ್ನ ಕಾಲಿಗೆ ಇಂಗ್ಲಿಷ್ ಕಲಿಸ್ಬೇಕು ಕಣಮ್ಮ. ಸಿಟ್ ಸ್ಟಿಲ್!" ಎಂದು ಮಾಸ್ತರರು ಬೆತ್ತದಿಂದ ನೆಲ ಕುಟ್ಟುತ್ತಿದ್ದರು.

ನಮ್ಮನ್ನು ಬಿಡಿಸುತ್ತಿದ್ದವರು ವಿಮಲಾಳ ಅಜ್ಜಿ. ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟವಾಗಬೇಕು. "ಮಾಸ್ಟ್ರೇ, ಹೊತ್ತು ಇಳಿಯಿತು, ನಮಗೆ ಎಲೆ ಹಾಕ್ಬೇಕು" ಎಂಬ ಸ್ವರ ಬಂದರೆ ನಾನು ಅಂಗಳದಲ್ಲಿರುತ್ತಿದ್ದೆ.

ಮೂರನೆಯ ವಾರ ಮಾಸ್ತರರು 'ನನ್ನ ಕುಟುಂಬ' ಎಂಬ ಪಾಠ ಬರೆಸಿದರು. ಮೈ ಫಾದರ್ ಈಸ್ ದಿ ಹೆಡ್ ಆಫ್ ಮೈ ಫ್ಯಾಮಿಲಿ. ನಾನು ಎದ್ದು ನಿಂತು, ನಮ್ಮ ಮನೆಯಲ್ಲಿ ಹೆಡ್ ಅಂಕಲ್ ಎಂದು ಹರುಕುಮುರುಕಾಗಿ ಹೇಳಿದೆ.

"ಅಪ್ಪ ಇಲ್ವೇನಮ್ಮ ನಿನಗೆ?" ಮಾಸ್ತರರು ಕಾನೂನು ಮರೆತು ಕನ್ನಡದಲ್ಲೇ ಕೇಳಿದರು. ದನಿಯಲ್ಲಿ ಕನಿಕರ ಬೇರೆ.

"ಇದ್ದಾರೆ ಸಾರ್."

"ಮತ್ತೆ? ಸುಮ್ನೆ ಬಾಯಿಪಾಠ ಮಾಡು."

ಮಾಡಿದೆ. ಮಾಡುತ್ತ ಮಾಡುತ್ತ ಅದರ ರುಚಿ ಹತ್ತಿತು. ಆ ಪಾಠದೊಳಗೆ ಅಪ್ಪ ದಿನಾ ಮನೆಯಲ್ಲೇ ಇರುತ್ತಿದ್ದರು. ಸಂಜೆ ನಮ್ಮ ಜೊತೆ ಕೂತು ಪಾಠ ಕೇಳುತ್ತಿದ್ದರು. ತೋಡಾರಿನ ದಾರಿಯುದ್ದಕ್ಕೂ ನಾನು ಅದನ್ನೇ ಗಟ್ಟಿಯಾಗಿ ಹೇಳಿಕೊಂಡು ನಡೆಯುತ್ತಿದ್ದೆ. ಇಲ್ಲದ ಹಸಿವನ್ನು ಮಾಸ್ತರರು ಹುಟ್ಟಿಸಿಬಿಟ್ಟಿದ್ದರು. ಆ ಸಲ ಅಪ್ಪ ಬಂದು ಹೊರಟಾಗ ನಾನು ಗೇಟಿನವರೆಗೂ ಹೋಗಿ ಅತ್ತುಬಿಟ್ಟೆ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ.

ನಲವತ್ತನೆಯ ದಿನ ಮಧ್ಯಾಹ್ನ ಹಿರಿಯರೆಲ್ಲ ಬಂದು ಚಾಪೆಯ ಮೇಲೆ ಕೂತರು. ದೊಡ್ಡಮಾವ ಬಿಳಿ ಶಾಲು ಹೊದ್ದು, ಕೊಡೆಯನ್ನು ಕಂಬಕ್ಕೆ ಒರಗಿಸಿ ಎದುರಿಗೇ ಕೂತಿದ್ದರು. ಒಬ್ಬೊಬ್ಬರು ತಮಗೆ ಬೇಕಾದ ಪಾಠ ಹೇಳಬಹುದಿತ್ತು.

"ನೀನು ಯಾವುದು ಹೇಳ್ತಿ?" ವಿಮಲಾ ಪಿಸುಗುಟ್ಟಿದಳು. ಅವರದೂ ಅಳಿಯಸಂತಾನವೇ. ನಾನು 'ನನ್ನ ಕುಟುಂಬ' ಎಂದೆ. ಅವಳ ಕಣ್ಣು ದೊಡ್ಡದಾಯಿತು. "ಅದು ಬೇಡ ಮಾರಾಯ್ತಿ, ದನದ ಪಾಠ ಹೇಳು."

"ಮಾವನಿಗೆ ಇಂಗ್ಲಿಷ್ ಎಲ್ಲಿ ಬರ್ತದೆ?"

ನಾನು ಎದ್ದು ಮೊದಲ ವಾಕ್ಯ ಹೇಳಿದೆ. ಮಾಸ್ತರರಿಗೆ ನನ್ನ ಉಚ್ಚಾರ ಕೇಳಿ ಹಿಗ್ಗು. ಇಷ್ಟು ಚೆನ್ನಾಗಿ ಹೇಳುವುದು ಹಿರಿಯರಿಗೆ ಅರ್ಥವಾಗದೆ ಹೋದರೆ ಹೇಗೆ ಎಂದು, ಹಿಂದಿನ ಯಾರಿಗೂ ಮಾಡದಿದ್ದ ಉಪಕಾರವನ್ನು ನನಗೆ ಮಾಡಿದರು. "ನನ್ನ ತಂದೆಯೇ ನಮ್ಮ ಮನೆಯ ಯಜಮಾನರು, ಅಂತಾಳೆ" ಎಂದು ಕನ್ನಡದಲ್ಲಿ ಸಾರಿದರು.

ಯಾರೋ ಕೆಮ್ಮಿದರು. ನಿಲ್ಲಿಸಿದರೆ ತಡವರಿಸಿದ ಹಾಗೆ, ಹೈಸ್ಕೂಲು ಅಲ್ಲಿಗೇ ಮುಗಿಯಿತು. ದೊಡ್ಡಮಾವ ನನ್ನನ್ನೇ ನೋಡುತ್ತಿದ್ದರು. ನಾನು ಮುಂದಿನ ವಾಕ್ಯ ಹೇಳಿದೆ. "ನಾವು ನಮ್ಮ ತಂದೆಯ ಮನೆಯಲ್ಲಿ ವಾಸವಾಗಿದ್ದೇವೆ" ಎಂದರು ಮಾಸ್ತರರು. ಹಾಗೇ ಕೊನೆಯವರೆಗೆ, ನಾನೊಂದು, ಅವರೊಂದು. ಕೊನೆಯದು, "ರಜೆಯಲ್ಲಿ ನಮ್ಮ ಮಾವ ನೆಂಟರಾಗಿ ಬರುತ್ತಾರೆ." ನನ್ನ ಕಾಲು ಅಂದು ಒಮ್ಮೆಯೂ ಅಲುಗಲಿಲ್ಲ.

ದೊಡ್ಡಮಾವ ಕೊಡೆ ತೆಗೆದುಕೊಂಡು ಮಾಸ್ತರರಿಗೆ ಕೈಮುಗಿದು ಹೊರಟರು. ನಾನು ಹಿಂದೆ.

"ಒಂದು ಕಡೆಯೂ ತಡವರಿಸಲಿಲ್ಲ ನೀನು" ಎಂದರು, ತಿರುಗಿ ನೋಡದೆ. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ನಿನಗೆ ಹಾಗೆ ಬೇಕಾ?"

ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ತುಳುವಿನಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಬೇಕು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಇವತ್ತಿಗೂ ನನ್ನನ್ನು ಹಿಂಸಿಸುವುದು ಆ ಮೌನವೇ.

ಆ ಸಂಜೆ ನಾನು ವೀಳ್ಯದ ತಟ್ಟೆ ಎಳೆದುಕೊಂಡು ಕೂತೆ. ಅವರು ಮೆಲ್ಲಗೆ ತಟ್ಟೆಯನ್ನು ತಮ್ಮ ಕಡೆ ಸರಿಸಿಕೊಂಡರು. "ನಾನೇ ಮಾಡಿಕೊಳ್ತೇನೆ. ನೀನು ಓದಿಕೋ."

ಮಾತಿಗೆ ತಪ್ಪಲಿಲ್ಲ. ಪರೀಕ್ಷೆಯಾಯಿತು, ಪಾಸಾದೆ. ಶಾಲೆಯ ಅರ್ಜಿ ಬಂದಾಗ ಬೆಳ್ತಂಗಡಿಗೆ ಹೇಳಿಕಳಿಸಿ ಅಪ್ಪನನ್ನು ಕರೆಸಿದರು. ಅಲ್ಲಿಯವರೆಗೆ ನಮ್ಮ ಮನೆಯ ಯಾವ ಮಗುವಿನ ಕಾಗದಕ್ಕೂ ದೊಡ್ಡಮಾವನದಲ್ಲದೆ ಬೇರೆ ಸಹಿ ಬಿದ್ದಿರಲಿಲ್ಲ.

"ಇದು ನಿಮ್ಮ ಕೆಲಸ ಅಲ್ವಾ ಭಾವ?" ಎಂದರು ಅಪ್ಪ, ಬೆಂಚಿನ ತುದಿಯಲ್ಲಿ ಕೂತು.

"ಇಲ್ಲ ಭಾವ. ನೀವೇ ಹಾಕಿ."

ಅಪ್ಪ ಹಾಕಿದರು. ಪೆನ್ನು ಹಿಂದೆ ಕೊಡುವಾಗ ನನ್ನ ಮುಖ ನೋಡಿದರು. ನಾನು ಓಡಿ ಒಳಗೆ ಹೋದೆ.

ದೊಡ್ಡಮಾವ ಮತ್ತೂ ಬಹಳ ವರ್ಷ ಬದುಕಿದ್ದರು. ನನ್ನ ಓದಿಗೆ, ಮದುವೆಗೆ ಏನೂ ಕಮ್ಮಿ ಮಾಡಲಿಲ್ಲ. ವೀಳ್ಯವನ್ನು ಮಾತ್ರ ಮತ್ತೆಂದೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಅಳಿಯಸಂತಾನದ ಕಾನೂನು ಬದಲಾಯಿತು, ಮನೆ ಪಾಲಾಯಿತು, ಅಪ್ಪಂದಿರೆಲ್ಲ ಮನೆಗೆ ಬಂದರು. ನನ್ನ ಮಕ್ಕಳೂ ಅವರ ಅಪ್ಪನ ಮನೆಯಲ್ಲೇ ಬೆಳೆದರು. ಅದು ಒಳ್ಳೆಯದೇ, ನನಗೆ ತಕರಾರಿಲ್ಲ.

ನಾನೂ ಇಂಗ್ಲಿಷ್ ಟೀಚರಾದೆ. ಆ ಪಾಠವನ್ನು ಮಾತ್ರ ಯಾರಿಗೂ ಬಾಯಿಪಾಠ ಮಾಡಿಸಲಿಲ್ಲ. "ನಿಮ್ಮ ಮನೆಯಲ್ಲಿ ಯಾರ್‍ಯಾರು ಇದ್ದಾರೋ ಅದನ್ನೇ ಹೇಳಿ" ಎಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳುತ್ತಿದ್ದೆ. ಮೊದಮೊದಲು ಯಾರಾದರೂ ಒಬ್ಬರು ಮಾವನಿಂದ ಶುರು ಮಾಡುತ್ತಿದ್ದರು. ಕೊನೆಕೊನೆಗೆ ಇಡೀ ತರಗತಿ ಮುಗಿದರೂ ಯಾವ ಮಗುವಿನ ಬಾಯಲ್ಲೂ ಮಾವ ಬರುತ್ತಿರಲಿಲ್ಲ. ನಾನು ಮೇಜಿನ ಕೆಳಗೆ ಕಾಲು ಅಲ್ಲಾಡಿಸುತ್ತ, ಆ ಒಂದು ಪದಕ್ಕಾಗಿ ಗಂಟೆ ಹೊಡೆಯುವವರೆಗೂ ಕಾಯುತ್ತಿದ್ದೆ.